ಬುಧವಾರದ ನಡುಹಗಲು

ಹಾಲು ಅನ್ನುವಂತಿಲ್ಲ ಇದನ್ನು. ಸೊನೆ.
ಶಾನ್ ಬೆಟ್ಟದ ಮರದ ಗಾಯದಿಂದ
ಬೂದಿ ಬಣ್ಣದಲ್ಲಿ ಇಳಿದು
ಗಾಳಿ ಸೋಕಿದ್ದೇ ಕಪ್ಪಾಗುತ್ತದೆ.
ಹೊಸಬರು ಮುಟ್ಟಿದರೆ ಮೈಯೆಲ್ಲ ಬೊಬ್ಬೆ.
ನನಗೂ ಎದ್ದಿತ್ತು, ಹನ್ನೆರಡನೇ ವಯಸ್ಸಿಗೆ;
‘ಮರ ನಿನ್ನ ಗುರುತು ಹಿಡೀತು’ ಎಂದು ಅಪ್ಪ ನಕ್ಕಿದ್ದ.
ಈಗ ಉಗುರಿನ ಸಂದಿಯ ಕಪ್ಪು
ಮದುವೆಗೆಂದು ತಿಕ್ಕಿದರೂ ಹೋಗದು
ಮಸಣಕ್ಕೆಂದು ತಿಕ್ಕಿದರೂ ಹೋಗದು.

ಮ್ಯಿನ್‌ಕಬಾದ ನಮ್ಮ ಮನೆಯಡಿ ಒಂದು ನೆಲಮಾಳಿಗೆ.
ಬಿಸಿಲಲ್ಲಿಟ್ಟರೆ ಒಣಗದ ಪದಾರ್ಥ ಇದು,
ಒಣಗಲಿಕ್ಕೇ ತೇವ ಬೇಕು, ಕತ್ತಲು ಬೇಕು, ವಾರ ಬೇಕು.
ಬಿದಿರ ಸೀಳಿಗೆ ಕುದುರೆಕೂದಲು ಹೆಣೆದ ಡಬ್ಬಿಗೆ
ಒಂದು ಬಳಿತ, ಕೆಳಗಿಳಿಸು,
ಮೇಲೆ ತಾ, ಬೂದಿ ಹಾಕಿ ಉಜ್ಜು,
ಮತ್ತೊಂದು ಬಳಿತ, ಕೆಳಗಿಳಿಸು.
ಹದಿನಾಲ್ಕು ಸಲ.
ಹದಿನಾಲ್ಕೂ ನನ್ನವೇ. ಕೊಳ್ಳುವವರಿಗೆ ಕಾಣುವುದು
ಅತ್ತಿಗೆಯ ಗೀರು.

ಅತ್ತಿಗೆ ನ್ಯುನ್ ಚೋ ನಕ್ಷೆ ಬರೆದುಕೊಳ್ಳುವುದಿಲ್ಲ.
ಉಕ್ಕಿನ ಮೊನೆ ಇದ್ದಲ್ಲೇ ಇರುತ್ತದೆ,
ಮೊಣಕಾಲ ಮೇಲೆ ಡಬ್ಬಿ ತಿರುಗುತ್ತದೆ,
ಬಳ್ಳಿ ತಾನಾಗಿ ಸುತ್ತಿಕೊಂಡು ಬರುತ್ತದೆ,
ಬಳ್ಳಿಯೊಳಗೆ ಕಿನ್ನರಿ, ಕಿನ್ನರಿಯ ಬಾಲದಿಂದ ಮತ್ತೆ ಬಳ್ಳಿ.
ಕೆಂಪು ತಿಕ್ಕಿ ತೌಡಲ್ಲಿ ತೊಳೆದರೆ
ಬಣ್ಣ ಉಳಿಯುವುದು ಗೀರಿನಲ್ಲಷ್ಟೇ.
ಹಸಿರಿಗೆ ಬೇರೆ ಗೀರು. ಹಳದಿಗೆ ಬೇರೆ.
‘ಗಾಯವಾಗದ ಕಡೆ ಬಣ್ಣ ಹತ್ತದು ಕಣೋ’ ಅನ್ನುತ್ತಾಳೆ,
ಅಣ್ಣನ ಮಾತು ಬಂದಾಗ ಮಾತ್ರ
ಅನ್ನುವುದಿಲ್ಲ.

ಆ ವರ್ಷ ಪಖೊಕ್ಕುವಿನಿಂದ ದೋಣಿಯಲ್ಲಿ ಬಂದಳು
ಡಾ ಲಾ ಯಿನ್. ಎಲೆಯಡಿಕೆಗೊಂದು ಡಬ್ಬಿ ಬೇಕಂತೆ.
ವಾರದ ಪ್ರಾಣಿಗಳೆಲ್ಲ ಬೇಡ, ಗರುಡ ಹುಲಿ ನಾಗ ಯಾವುದೂ ಬೇಡ,
ಮುಚ್ಚಳದ ನಡುವೆ ತನ್ನದೊಂದು ಸಾಕು.
‘ನಿಮ್ಮದು ಯಾವುದು?’
‘ಅದೇ ತಿಳಿಯದು.’

ಬುಧವಾರ ನಮ್ಮಲ್ಲಿ ಎರಡಾಗಿ ಒಡೆಯುತ್ತದೆ:
ಬೆಳಗ್ಗೆ ಹುಟ್ಟಿದವರಿಗೆ ದಂತದ ಆನೆ,
ಹೊತ್ತು ವಾಲಿದ ಮೇಲೆ ರಾಹುವಿನ ಪಾಲು, ದಂತವಿಲ್ಲದ್ದು.
ಅವಳು ಹುಟ್ಟಿದ್ದು ನೆರಳು ಕಾಲಡಿಗೆ ಬಂದ ಹೊತ್ತಿಗೆ.
ಗಡಿಯಾರ ಇದ್ದದ್ದು ಅಕ್ಕಿ ಗಿರಣಿಯಲ್ಲಿ, ಅದೂ ನಿಂತಿತ್ತು.
ಅಪ್ಪ ಎರಡೂ ಕಡೆಯಿಂದ ಒಂದೊಂದು ಅಕ್ಷರ ತಂದು
ಹೆಸರಿಟ್ಟು ಕೈತೊಳೆದುಕೊಂಡ.
‘ಎಪ್ಪತ್ತೊಂದು ವರ್ಷ,’ ಅಂದಳು,
‘ಪಗೋಡದ ತೆಂಕು ಮೂಲೆಗೂ ನೀರೆರೆದೆ, ವಾಯವ್ಯಕ್ಕೂ ಎರೆದೆ.
ಯಾವ ತಂಬಿಗೆ ನನ್ನದಾಗಿತ್ತೋ.’

ಕೆಂಪು ಮುಗಿಯಿತು, ಹಸಿರು ಮುಗಿಯಿತು.
ಮುಚ್ಚಳದ ನಡುವೆ ಅಂಗೈಯಗಲ
ಬರಿಯ ನನ್ನ ಕಪ್ಪು.
ಹದಿನೈದು ದಿನ ಹಾಗೇ ಇತ್ತು, ದೀಪ ಹಿಡಿದರೆ
ಬಾವಿಯ ಹಾಗೆ ದೀಪವನ್ನೇ ತೋರಿಸುತ್ತಿತ್ತು.
ಯಾರಿಗೂ ಹೇಳದ ಆಸೆ ನನಗೆ:
ಹಾಗೇ ಬಿಟ್ಟುಬಿಡಲಿ.

ಬಿಡಲಿಲ್ಲ.
ಒಂದು ಮಧ್ಯಾಹ್ನ ಕೂಗಿ ಕರೆದಳು. ಆನೆ ನಿಂತಿತ್ತು,
ಕಿವಿಯಲ್ಲಿ ಬಳ್ಳಿ, ಕಾಲಲ್ಲಿ ಬಳ್ಳಿ,
ಸೊಂಡಿಲು ಮೇಲೆ ಸುರುಳಿ ಸುತ್ತಿ
ಒಂದು ವೀಳ್ಯದೆಲೆಯನ್ನು ಬಾಯಿಗೆ ಒಯ್ಯುತ್ತಿತ್ತು.
ದಂತ ಇರಬೇಕಾದ ಜಾಗವೆಲ್ಲ
ಸೊಂಡಿಲ ಮರೆ.

ಡಾ ಲಾ ಯಿನ್ ಡಬ್ಬಿಯನ್ನು ಬೆಳಕಿಗೆ ಹಿಡಿದು
ಓರೆ ಮಾಡಿ, ತಿರುವಿ, ಆನೆಯ ಹಿಂದೆ ಇಣುಕುವವಳ ಹಾಗೆ ನೋಡಿದಳು.
‘ಇದಕ್ಕೆ ದಂತ ಇದೆಯೇನೇ?’
‘ಎಲೆ ತಿಂದಾದ ಮೇಲೆ ಸೊಂಡಿಲು ಇಳಿಸುತ್ತದೆ,’ ಅತ್ತಿಗೆ ಅಂದಳು,
‘ಆಗ ನೋಡಿಕೊಳ್ಳಿ.’
ಮುದುಕಿ ಬಾಯಿ ತೆರೆದು ನಕ್ಕಳು. ಕೆಂಪಗೆ.
ಅಲ್ಲಿ ಉಳಿದದ್ದೂ ಒಂದೇ ಹಲ್ಲು.

ಐರಾವತಿಯಲ್ಲಿ ಅವಳ ದೋಣಿ ತಿರುಗುವವರೆಗೆ ನಿಂತಿದ್ದೆ.
ಹೇಳಬೇಕಿತ್ತು: ಆ ಆನೆಯ ಹೊಟ್ಟೆ ಗೀರಿಲ್ಲದ್ದು,
ಅದು ನನ್ನದು ಅಂತ.
ಕರೆದು ಹೇಳುವಷ್ಟು ದೊಡ್ಡ ಮಾತಲ್ಲ.

ಕೆಳಗಿಳಿದೆ.
ಹದಿನೇಳು ಬಟ್ಟಲು ಬೋರಲು ಬಿದ್ದು ಒಣಗುತ್ತಿದ್ದವು.
ಕತ್ತಲಲ್ಲೇ ಒಂದನ್ನು ಮುಟ್ಟಿದೆ.
ಬೆರಳಿಗೆ ಅಂಟಿತು.
ಇನ್ನೂ ಮೂರು ದಿನ.